ಬೆನ್ನಿಗೆ ಸ್ಪ್ರಿಂಗು, ಮೂಟೆಗೆ ಏನು?

ಬೆನ್ನಿಗೆ ಕಟ್ಟಿಕೊಳ್ಳೋ ಎಕ್ಸೋಸ್ಕೆಲಿಟನ್ ಒಳ್ಳೆ ಐಡಿಯಾ, ಮೊದಲೇ ಒಪ್ಕೊಂಡುಬಿಡ್ತೀನಿ. ನೆದರ್‌ಲೆಂಡ್ಸ್‌ನ ಲೇವೋ ತಗೊಳ್ಳಿ. ಮೋಟರಿಲ್ಲ, ಬ್ಯಾಟರಿಯಿಲ್ಲ. ಬಗ್ಗಿದಾಗ ಸ್ಪ್ರಿಂಗ್ ಬಿಗಿಯಾಗುತ್ತೆ, ಏಳುವಾಗ ಅದೇ ಬಲ ವಾಪಸ್ ಸಿಗುತ್ತೆ. ಸೊಂಟದ ಸ್ನಾಯುಗಳ ಮೇಲಿನ ಒತ್ತಡದಲ್ಲಿ ಒಂದು ಪಾಲು ಎದೆಗೂ ತೊಡೆಗೂ ಹಂಚಿಹೋಗುತ್ತೆ.

ಆದರೆ ಸ್ನಾಯುವಿಗೆ ಹಗುರಾಗೋದು ಬೇರೆ, ಗಾಯ ತಪ್ಪೋದು ಬೇರೆ. ಹಿಂದೆ ಸೊಂಟದ ಬೆಲ್ಟ್ ಕೂಡ ಇದೇ ಭರವಸೆ ಕೊಟ್ಟಿತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1994ರಲ್ಲೇ ಅದನ್ನು ಶಿಫಾರಸು ಮಾಡಲ್ಲ ಅಂದಿತು. 2000ದಲ್ಲಿ ಬಂದ ದೊಡ್ಡ ಅಧ್ಯಯನದಲ್ಲೂ ಬೆಲ್ಟಿನಿಂದ ಬೆನ್ನುನೋವು ಕಡಿಮೆಯಾದದ್ದು ಕಾಣಲಿಲ್ಲ.

ಅದೇ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದರೂ ಎತ್ತುವ ಭಾರ 23 ಕೆಜಿ ದಾಟಬಾರದು. ನಮ್ಮ ಸಿಮೆಂಟ್ ಮೂಟೆ 50 ಕೆಜಿ! ಮೂಟೆ ಚಿಕ್ಕದು ಮಾಡೋದು, ಟ್ರಾಲಿ ಕೊಡೋದು, ಇನ್ನೊಬ್ಬ ಆಳು ಹಾಕೋದು ಮಾಲೀಕರ ಹೊಣೆ. ಸ್ಪ್ರಿಂಗ್ ಬಂದರೆ ಆ ಹೊಣೆಯೂ ಹೊರೋನ ಮೈಮೇಲೇ ಬೀಳುತ್ತೆ. ಆಮೇಲೂ ಬೆನ್ನು ಹಿಡಿದರೆ? ‘ಸರಿಯಾಗಿ ಕಟ್ಕೊಂಡಿರಲಿಲ್ಲ’ ಅಂತ ತಪ್ಪು ಅವನದ್ದೇ.

ರೋಗಿಯನ್ನು ಎತ್ತಿ ಕೂರಿಸೋ ನರ್ಸಿಗೆ ಇದನ್ನು ಖಂಡಿತ ಕೊಡಿ. ರೋಗಿಯನ್ನು ಅರ್ಧ ಮಾಡೋಕಾಗಲ್ಲ. ಮೂಟೆಯನ್ನು ಮಾಡಬಹುದು.