‘ಪೆನಿಸಿಲಿನ್ ಆಗೋಲ್ಲ’ ಎಂಬ ಹಣೆಪಟ್ಟಿ

ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹೇರೋಹಳ್ಳಿಯ ಚಿಕಿತ್ಸಾಲಯವೊಂದರಲ್ಲಿ ಕುಳಿತಿದ್ದಾರೆಂದು ಊಹಿಸಿಕೊಳ್ಳಿ. ‘ನನಗೆ ಪೆನಿಸಿಲಿನ್ ಆಗೋಲ್ಲ ಡಾಕ್ಟ್ರೇ’ ಎನ್ನುತ್ತಾರೆ. ನಲವತ್ತು ವರ್ಷಗಳ ಹಿಂದೆ ಮೈಮೇಲೆ ಗಂಧೆ ಎದ್ದಿತ್ತೋ, ಹೊಟ್ಟೆ ಕೆಟ್ಟಿತ್ತೋ ನೆನಪಿಲ್ಲ. ಚೀಟಿಯಲ್ಲಿ ‘ಅಲರ್ಜಿ’ ಎಂದು ಬರೆದು ಬೇರೊಂದು ಪ್ರತಿಜೈವಿಕ ಕೊಡಲಾಗುತ್ತದೆ. ನನ್ನ ಆಕ್ಷೇಪ ಆ ಒಂದು ಪದದ ಬಗ್ಗೆ.

ಹೊಟ್ಟೆ ಕೆಡುವುದು ಅಡ್ಡಪರಿಣಾಮವೇ ಹೊರತು ಅಲರ್ಜಿಯಲ್ಲ. ಪೆನಿಸಿಲಿನ್ ಅಣು ತೀರ ಚಿಕ್ಕದು. ಒಂಟಿಯಾಗಿ ಅದು ನಮ್ಮ ರೋಗರಕ್ಷಣಾ ವ್ಯವಸ್ಥೆಯನ್ನು ಕೆರಳಿಸಲಾರದು. ಅದರ ಬೀಟಾ-ಲ್ಯಾಕ್ಟಮ್ ಉಂಗುರ ಬಿಚ್ಚಿಕೊಂಡು ಪ್ರೋಟೀನಿಗೆ ಅಂಟಿದಾಗ ಕೆಲವರಲ್ಲಿ ಐಜಿಇ ಪ್ರತಿಕಾಯಗಳು ಹುಟ್ಟುತ್ತವೆ. ಮತ್ತೊಮ್ಮೆ ಔಷಧ ಒಳಹೊಕ್ಕಾಗ ಮಾಸ್ಟ್ ಕೋಶಗಳಿಂದ ಹಿಸ್ಟಮೀನ್ ಹೊರಬಿದ್ದು ಗಂಧೆ, ಉಬ್ಬಸ, ರಕ್ತದೊತ್ತಡದ ಕುಸಿತ ಕಾಣಿಸುತ್ತವೆ. ಬೀಟಾ-ಬ್ಲಾಕರ್ ಮಾತ್ರೆ ನುಂಗುವ ವೃದ್ಧರಲ್ಲಿ, ಜೀವ ಉಳಿಸುವ ಅಡ್ರಿನಲಿನ್ ಚುಚ್ಚುಮದ್ದೂ ಸರಿಯಾಗಿ ಕೆಲಸ ಮಾಡದಿರಬಹುದು. ಭಯಕ್ಕೆ ಕಾರಣವಿದೆ, ನಿಜ. ಆದರೆ ಈ ಅಲರ್ಜಿ ಶಾಶ್ವತವಲ್ಲ: ಹತ್ತು ವರ್ಷಗಳಲ್ಲಿ ಸುಮಾರು 80% ಮಂದಿಯಲ್ಲಿ ಅದು ಇಳಿದುಹೋಗಿರುತ್ತದೆ. ಅಮೆರಿಕದಲ್ಲಿ ನೂರಕ್ಕೆ ಸುಮಾರು ಹತ್ತು ಜನ ತಮಗೆ ಈ ಅಲರ್ಜಿ ಇದೆಯೆನ್ನುತ್ತಾರೆ. ಪರೀಕ್ಷಿಸಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಔಷಧ ಒಗ್ಗುತ್ತದೆ.

ಹಣೆಪಟ್ಟಿಯ ಬೆಲೆಯನ್ನೂ ನೋಡಿ. ಬದಲಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಬಳಗದ ಔಷಧಗಳಿಂದ ಸ್ನಾಯುರಜ್ಜು ಹರಿಯುವ ಅಪಾಯ ಅರವತ್ತು ದಾಟಿದವರಲ್ಲಿ ಹೆಚ್ಚು. 2008ರಲ್ಲಿಯೇ ಅಮೆರಿಕದ ಔಷಧ ನಿಯಂತ್ರಕರು ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟರು. ಕ್ಲಿಂಡಮೈಸಿನ್ ಆದರೆ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು ಭೇದಿ ಹತ್ತಬಹುದು.

‘ಟೆಸ್ಟ್ ಡೋಸ್’ ಇದೆಯಲ್ಲ ಎನ್ನುವಿರಾ? ಅದೇ ಔಷಧವನ್ನು ಚರ್ಮದಡಿ ಚುಚ್ಚಿ ಕೆಂಪಾದರೆ ಅದು ಬರೀ ಉರಿಯೂ ಆಗಿರಬಹುದು. ಕೆಂಪಾಗದಿದ್ದರೆ ಅಭಯವೂ ಇಲ್ಲ. ನಂಬಬಹುದಾದ ಪರೀಕ್ಷೆಗೆ ಪೆನಿಸಿಲಾಯ್ಲ್ ಪಾಲಿಲೈಸಿನ್‌ನಂಥ ವಿಶೇಷ ದ್ರಾವಣ ಬೇಕು. 1981ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಂಟಿಬಯಾಟಿಕ್ಸ್ ಕಾರ್ಖಾನೆ ಹೇರೋಹಳ್ಳಿಗೆ ದೂರವಲ್ಲದ ಪೀಣ್ಯದಲ್ಲೇ ಇದೆ. ಔಷಧ ಪಕ್ಕದಲ್ಲಿದ್ದರೂ ಈ ಪರೀಕ್ಷೆ ಜನರ ಕೈಗೆ ಎಟುಕಿಲ್ಲ.

ಪಠ್ಯಗಳೂ ಹೊಣೆ ಹೊರಬೇಕು. ಪೆನಿಸಿಲಿನ್ ಒಗ್ಗದವರಲ್ಲಿ 10% ಮಂದಿಗೆ ಸೆಫಲೋಸ್ಪೊರಿನ್ ಕೂಡ ಒಗ್ಗದೆಂಬ ಹಳೆಯ ಅಂಕಿಯನ್ನು ಎಷ್ಟೋ ಕಡೆ ಇನ್ನೂ ಬೋಧಿಸಲಾಗುತ್ತಿದೆ. ಆರಂಭದ ಸೆಫಲೋಸ್ಪೊರಿನ್‌ಗಳಲ್ಲಿ ಪೆನಿಸಿಲಿನ್ ಲೇಶ ಬೆರೆತಿದ್ದುದೂ ಆ ಅಂಕಿಗೆ ಒಂದು ಕಾರಣ. ಈಗಿನ ಅಂದಾಜು ಸುಮಾರು 2%. ಹೋಲಿಕೆ ಇರುವುದು ಉಂಗುರಕ್ಕಿಂತ ಹೆಚ್ಚಾಗಿ ಪಾರ್ಶ್ವಸರಪಳಿಯಲ್ಲಿ.

ಮನೆಯಲ್ಲಿ ಯಾರೂ ಪ್ರಯೋಗಕ್ಕಿಳಿಯಬಾರದು. ಚರ್ಮ ಸುಲಿದು ಬಾಯಿ ಹುಣ್ಣಾದವರಿಗಂತೂ ಆ ಔಷಧವನ್ನು ಮತ್ತೆಂದೂ ಕೊಡಕೂಡದು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ: ಯಾವ ಔಷಧ, ಯಾವ ವರ್ಷ, ಎಷ್ಟು ಹೊತ್ತಿನ ಬಳಿಕ, ಏನಾಯಿತು. ಮುಂದಿನ ಸಲ ವೈದ್ಯರಿಗೆ ಆ ಚೀಟಿ ತೋರಿಸಿ.