ಸೇವಾವಾಕ್ಯದ ಔಚಿತ್ಯ: ಅಂತರ್ಜಾಲದ ಕಲ್ಪನಾಕ್ರೀಡೆಯಲ್ಲಿ ದಾಸಿಯ ಪಾತ್ರ

1

ಲೋಕವ್ಯವಹಾರದಲ್ಲಿ ಮರ್ಯಾದೆಯೆಂದು ಕರೆಯಲ್ಪಡುವುದೂ ಕಾವ್ಯಮೀಮಾಂಸೆಯಲ್ಲಿ ಔಚಿತ್ಯವೆಂದು ಕರೆಯಲ್ಪಡುವುದೂ ಬೇರೆಬೇರೆ ವಿಷಯಗಳೆಂಬುದು ಸಾಮಾನ್ಯವಾದ ಭಾವನೆ. ಮೊದಲನೆಯದು ನಡತೆಗೆ ಸೇರಿದ್ದು. ಎರಡನೆಯದು ನುಡಿಗೆ ಸೇರಿದ್ದು. ಆದರೆ ನಡತೆಯೆಲ್ಲವೂ ನುಡಿಯಿಂದಲೇ ಆಗಬೇಕಾದ ಕ್ಷೇತ್ರವೊಂದಿದ್ದರೆ ಅಲ್ಲಿ ಇವೆರಡಕ್ಕೂ ಭೇದವೆಲ್ಲಿ ಉಳಿದೀತು? ಅಂತಹ ಕ್ಷೇತ್ರವೊಂದು 1990ರ ದಶಕದಿಂದ ಈಚೆಗೆ ಆಂಗ್ಲಭಾಷೆಯಲ್ಲಿ ಬೆಳೆದುಬಂದಿದೆ. ವಯಸ್ಕರಾದ ಸ್ತ್ರೀಪುರುಷರು ದೂರದೂರದ ಊರುಗಳಲ್ಲಿ ತಮ್ಮ ತಮ್ಮ ಯಂತ್ರಗಳ ಮುಂದೆ ಕುಳಿತು, ಅಕ್ಷರಗಳ ಮೂಲಕ ಒಂದು ಕಲ್ಪಿತ ಲೋಕವನ್ನು ಪ್ರವೇಶಿಸಿ, ಒಬ್ಬರು ಒಡೆಯನ ಪಾತ್ರವನ್ನೂ ಮತ್ತೊಬ್ಬರು ದಾಸಿಯ ಪಾತ್ರವನ್ನೂ ವಹಿಸುತ್ತಾರೆ. ದಾಸಿಯ ಪಾತ್ರವನ್ನು ವಹಿಸುವವರು ಹೇಗೆ ಸಂಬೋಧಿಸಬೇಕು, ಹೇಗೆ ಮಂಡಿಯೂರಬೇಕು, ಪಾನೀಯವನ್ನು ಹೇಗೆ ನೀಡಬೇಕು, ಅಪ್ಪಣೆಯನ್ನು ಹೇಗೆ ಬೇಡಬೇಕು ಎಂಬುದನ್ನು ಹಳಬರಿಂದ ಕ್ರಮವಾಗಿ ಕಲಿಯುತ್ತಾರೆ. ಇದನ್ನು ಕೇವಲ ಶೃಂಗಾರಚಾಪಲ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇಲ್ಲಿ ನಡೆಯುವುದೆಲ್ಲವೂ ಬರವಣಿಗೆಯಾಗಿರುವುದರಿಂದ ಇದು ಸಾಹಿತ್ಯವಿಮರ್ಶೆಯ ವ್ಯಾಪ್ತಿಗೆ ಬಂದೇ ಬರುತ್ತದೆ. ದಾಸ್ಯದ ಶಿಕ್ಷಣವೆಂಬ ಹೆಸರಿನಲ್ಲಿ ಇಲ್ಲಿ ಕಲಿಸಲ್ಪಡುವುದು ವಸ್ತುತಃ ಕರ್ತೃತ್ವ. ಈ ಆಟವು ತನಗೆ ಮೂಲವಾದ ಗ್ರಂಥಗಳ ಸಿದ್ಧಾಂತವನ್ನು ತನಗರಿವಿಲ್ಲದೆಯೇ ಖಂಡಿಸುತ್ತದೆ. ಇದನ್ನು ಸ್ಥಾಪಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಮೊದಲು ಮೂಲಗ್ರಂಥಗಳ ವಿಚಾರ. ಈ ಬಗೆಯ ಕ್ರೀಡೆಗಳಲ್ಲಿ ಅತ್ಯಂತ ವಿಸ್ತಾರವಾದ ವಿಧಿನಿಯಮಗಳುಳ್ಳದ್ದು ‘ಗೋರ್’ ಎಂಬ ಕಲ್ಪಿತ ಗ್ರಹದ ಕಥಾವಳಿಯಿಂದ ಹುಟ್ಟಿದ್ದು. ಇದರ ಕರ್ತನು ಜಾನ್ ನಾರ್ಮನ್, ಅದು ಕಾವ್ಯನಾಮ. ನಿಜನಾಮ ಜಾನ್ ಲ್ಯಾಂಗ್, ಜನನ 1931, ವೃತ್ತಿಯಿಂದ ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕ. ಮೊದಲನೆಯ ಕಾದಂಬರಿಯಾದ ‘ಟಾರ್ನ್ಸ್‌ಮನ್ ಆಫ್ ಗೋರ್’ 1966ರಲ್ಲಿ ಪ್ರಕಟವಾಯಿತು. ಎಡ್ಗರ್ ರೈಸ್ ಬರೋಸನ ಮಂಗಳಗ್ರಹದ ಕಥೆಗಳ ಜಾಡಿನಲ್ಲಿ ಸಾಹಸಕಥೆಯಾಗಿ ಆರಂಭವಾದ ಈ ಮಾಲೆಯು ಸಂಪುಟದಿಂದ ಸಂಪುಟಕ್ಕೆ ಸಾಹಸವನ್ನು ಕಡಿಮೆ ಮಾಡಿಕೊಂಡು ಉಪನ್ಯಾಸವನ್ನು ಹೆಚ್ಚಿಸಿಕೊಂಡಿತು. ಆ ಉಪನ್ಯಾಸದ ಸಾರವಿಷ್ಟೆ: ಸ್ತ್ರೀಗೆ ದಾಸ್ಯವು ಸ್ವಭಾವಸಿದ್ಧವಾದದ್ದು, ಅದರಲ್ಲಿಯೇ ಅವಳ ಪೂರ್ಣತೆ. 1988ರ ಇಪ್ಪತ್ತೈದನೆಯ ಸಂಪುಟದ ತರುವಾಯ ಅಲ್ಲಿಯವರೆಗಿನ ಪ್ರಕಾಶಕರು ಮಾಲೆಯನ್ನು ನಿಲ್ಲಿಸಿದರು. 2001ರಲ್ಲಿ ಅದು ಬೇರೆ ಮಾರ್ಗದಿಂದ ಮತ್ತೆ ಆರಂಭವಾಗಿ ಮೂವತ್ತನ್ನು ಮೀರಿತು.

ಕಾದಂಬರಿಗಳಾಗಿ ಇವುಗಳ ಯೋಗ್ಯತೆಯು ಅಲ್ಪವೆಂದೇ ಹೇಳಬೇಕಾಗುತ್ತದೆ. ಪಾತ್ರಗಳು ಸಿದ್ಧಾಂತಕ್ಕೆ ಉದಾಹರಣೆಗಳಾಗಿವೆಯೇ ಹೊರತು ವ್ಯಕ್ತಿಗಳಾಗಿಲ್ಲ. ಆದರೆ ಒಂದು ಗುಣವನ್ನು ಅಲ್ಲಗಳೆಯಲಾಗದು: ಲೋಕನಿರ್ಮಾಣದಲ್ಲಿ ಗ್ರಂಥಕರ್ತನು ಶ್ರದ್ಧಾವಂತ. ನಗರಗಳು, ಜಾತಿಕಟ್ಟಳೆಗಳು, ಪಾನೀಯಗಳು, ಕುಳಿತುಕೊಳ್ಳುವ ಭಂಗಿಗಳು ಎಲ್ಲಕ್ಕೂ ಹೆಸರುಂಟು. ಧಾನ್ಯದಿಂದಾದ ಮದ್ಯ ‘ಪಾಗಾ’. ದಾಸಿಗೆ ‘ಕಜೀರಾ’ ಎಂಬ ಸಂಜ್ಞೆ. ‘ಬ್ಲಾಕ್‌ವೈನ್’ ಎಂಬ ಗಂಭೀರನಾಮವನ್ನು ಹೊತ್ತು ಬರುವುದು ನಮ್ಮ ಕಾಫಿಯೇ. ವ್ಯಕ್ತಿಚಿತ್ರಣದಲ್ಲಿ ದರಿದ್ರವಾಗಿಯೂ ಉಪಕರಣಗಳಲ್ಲಿ ಸಂಪನ್ನವಾಗಿಯೂ ಇರುವ ಲೋಕವು ಓದುವುದಕ್ಕಿಂತ ಆಡುವುದಕ್ಕೆ ಹೆಚ್ಚು ಅನುಕೂಲ. ಖಾಲಿ ಬಿಟ್ಟ ಮನೆಗೆ ಒಕ್ಕಲು ಬರುವಂತೆ ಓದುಗರು ಅದರೊಳಕ್ಕೆ ಬಂದು ನೆಲೆಸಿದರು.

ಅದಕ್ಕೆ ಬೇಕಾದ ರಂಗಸ್ಥಳವೂ ಅಷ್ಟರಲ್ಲಿ ಸಿದ್ಧವಾಗಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟದಲ್ಲಿ ಅನೇಕರು ಏಕಕಾಲದಲ್ಲಿ ಮಾತಿನಿಂದ ಕಟ್ಟಿದ ಒಂದೇ ಲೋಕದಲ್ಲಿ ಸಂಚರಿಸಬಹುದಾಗಿತ್ತು. 1988ರಲ್ಲಿ ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ ರಚಿಸಿದ ಐಆರ್‌ಸಿ ಎಂಬ ಸಂಭಾಷಣಾವ್ಯವಸ್ಥೆಯಲ್ಲಿ ಗೋರ್ ಲೋಕದ ಪಾನಗೃಹಗಳು 1990ರ ದಶಕದಲ್ಲಿ ತಲೆಯೆತ್ತಿದವು. 2003ರಲ್ಲಿ ಆರಂಭವಾದ ‘ಸೆಕೆಂಡ್ ಲೈಫ್’ ಎಂಬ ಚಿತ್ರಮಯ ಲೋಕದಲ್ಲಿ ಅದೇ ನಗರಗಳು ಕಣ್ಣಿಗೆ ಕಾಣುವಂತೆ ನಿರ್ಮಿತವಾದವು. ಚಿತ್ರ ಬಂದರೂ ಅಲ್ಲಿ ಬರವಣಿಗೆ ಹಿಂದಾಗಲಿಲ್ಲವೆಂಬುದು ಗಮನಾರ್ಹ. ಬಟ್ಟಲನ್ನು ನೀಡುವ ಚಿತ್ರವನ್ನು ಯಂತ್ರವೇ ತೋರಿಸಬಲ್ಲದು. ನೀಡಿದ ಬಗೆಯನ್ನು ಮಾತ್ರ ವಾಕ್ಯವೇ ಹೇಳಬೇಕು.

3

ಇನ್ನು ಈ ಬರವಣಿಗೆಯ ವ್ಯಾಕರಣ. ಸಂಭಾಷಣಾವ್ಯವಸ್ಥೆಯಲ್ಲಿ ‘ಮಿ’ ಎಂಬ ಒಂದು ಆಜ್ಞಾಶಬ್ದವುಂಟು. ಅದನ್ನು ಮುಂದಿಟ್ಟು ಬರೆದರೆ, ಬರೆದವರ ಹೆಸರೇ ಕರ್ತೃಪದವಾಗಿ ನಿಂತು ವಾಕ್ಯವು ಪ್ರಥಮಪುರುಷದಲ್ಲಿ ಮೂಡುತ್ತದೆ. ‘ನಾನು ಬಂದೆ’ ಎಂಬುದು ‘ಅವಳು ಬರುತ್ತಾಳೆ’ ಎಂದಾಗುತ್ತದೆ. ಎಂದರೆ, ಆಡುವವಳು ಪಾತ್ರವಾಗುವ ಕ್ಷಣದಲ್ಲಿಯೇ ಆ ಪಾತ್ರದ ಕಥನಕಾರಳೂ ಆಗಿಬಿಡುತ್ತಾಳೆ. ಇದರ ಮೇಲೆ ದಾಸಿಗೆ ವಿಶೇಷನಿಯಮವೊಂದುಂಟು: ಸಂಭಾಷಣೆಯಲ್ಲಿಯೂ ಅವಳು ‘ನಾನು’ ಎನ್ನಕೂಡದು, ‘ಈ ಹುಡುಗಿ’ ಎನ್ನಬೇಕು. ಒಡೆಯನ ಹೆಸರಿನ ಮೊದಲಕ್ಷರ ದೊಡ್ಡದು, ತನ್ನ ಹೆಸರಿನದು ಚಿಕ್ಕದು.

ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಿದರೂ ಅಪರಿಚಿತವಲ್ಲ. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರಗಳೆಂಬ ಭೇದವಿಲ್ಲ. ಆ ಭೇದವು ನಮಗೆ ಬೇಕಾಗಿಯೂ ಇಲ್ಲ. ‘ನೀನು’, ‘ನೀವು’, ‘ತಾವು’ ಎಂಬ ಸರ್ವನಾಮಗಳೂ, ‘ಬಾ’ ಎಂಬಲ್ಲಿಂದ ‘ದಯಮಾಡಿಸಿ’ ಎಂಬವರೆಗಿನ ಕ್ರಿಯಾರೂಪಗಳೂ ಆ ಕೆಲಸವನ್ನು ಮಾಡುತ್ತವೆ. ಹಳೆಯ ಬಿನ್ನವತ್ತಳೆಗಳಲ್ಲಿ ಬರೆದವನು ತನ್ನನ್ನು ‘ಸೇವಕ’ನೆಂದು ಪ್ರಥಮಪುರುಷದಲ್ಲಿ ನಿರ್ದೇಶಿಸಿಕೊಳ್ಳುವುದು ವಾಡಿಕೆಯಾಗಿತ್ತು. ಆಧುನಿಕ ಆಂಗ್ಲಭಾಷೆಯು ಏಕವಚನ ಬಹುವಚನಗಳೆರಡಕ್ಕೂ ಒಂದೇ ಮಧ್ಯಮಪುರುಷ ಸರ್ವನಾಮವನ್ನು ಇಟ್ಟುಕೊಂಡು ಗೌರವದ ಮೆಟ್ಟಿಲುಗಳನ್ನು ವ್ಯಾಕರಣದಿಂದ ಕಿತ್ತುಹಾಕಿದೆ. ಕಿತ್ತ ಮೆಟ್ಟಿಲುಗಳನ್ನು ಈ ಆಟಗಾರರು ಅಕ್ಷರದ ಗಾತ್ರದಿಂದ ಮತ್ತೆ ಕಟ್ಟಿಕೊಂಡಿದ್ದಾರೆ. ಆದಕಾರಣ ನವಶಿಷ್ಯೆಗೆ ಮೊದಲ ಪಾಠವು ವಿಧೇಯತೆಯಲ್ಲ, ಸರ್ವನಾಮ.

ಎರಡನೆಯ ಪಾಠವು ಸೇವೆಯ ವರ್ಣನೆ. ಪಾನೀಯವನ್ನು ನೀಡುವ ಒಂದು ಪ್ರಸಂಗವನ್ನು ಉದಾಹರಣೆಗಾಗಿ ನಾವೇ ಮೂರು ಬಗೆಯಾಗಿ ರಚಿಸಿ ನೋಡೋಣ.

ಮೊದಲನೆಯದು: ‘ದಾಸಿಯು ಪಾನೀಯವನ್ನು ತಂದುಕೊಟ್ಟು ನಮಸ್ಕರಿಸುತ್ತಾಳೆ.’

ಎರಡನೆಯದು: ‘ತಾವರೆಯನ್ನು ನಾಚಿಸುವ ಕೈಗಳಲ್ಲಿ ಚಂದ್ರನನ್ನು ಹೋಲುವ ಬಟ್ಟಲನ್ನು ಹಿಡಿದು, ಅತ್ಯಂತ ಭಕ್ತಿಯಿಂದಲೂ ಅಪಾರವಾದ ವಿನಯದಿಂದಲೂ ನೀಡಲು, ಒಡೆಯನು ಅವಳ ಸೊಬಗಿಗೆ ಮಾರುಹೋಗುತ್ತಾನೆ.’

ಮೂರನೆಯದು: ‘ಬಟ್ಟಲಿನ ಅಂಚಿನ ಮೇಲೆ ಬೆರಳಾಡಿಸಿ, ಒಂದೆಡೆ ಸಣ್ಣ ಒಡಕು ತಗುಲಲು ಅದನ್ನು ಬದಿಗಿಟ್ಟು ಮತ್ತೊಂದನ್ನು ತೆಗೆದುಕೊಳ್ಳುತ್ತಾಳೆ, ಒಳಗನ್ನು ಒರಸಿ, ತುಳುಕದಷ್ಟು ಮಾತ್ರ ತುಂಬಿ, ಎರಡು ಕೈಗಳಿಂದ ಮುಂದೆ ಚಾಚಿ ಕಾಯುತ್ತಾಳೆ.’

ಮೊದಲನೆಯದರಲ್ಲಿ ವಾರ್ತೆಯಿದೆ, ಸೇವೆಯಿಲ್ಲ. ಎರಡನೆಯದರಲ್ಲಿ ಅಲಂಕಾರವಿದೆ, ಆದರೆ ಎರಡು ದೋಷಗಳಿವೆ. ಭಕ್ತಿವಿನಯಗಳನ್ನು ಹೆಸರು ಹಿಡಿದು ಹೇಳಿಬಿಟ್ಟದ್ದು ಒಂದು. ನಮ್ಮ ಆಲಂಕಾರಿಕರು ಸ್ವಶಬ್ದವಾಚ್ಯತ್ವವೆಂದು ಕರೆದದ್ದು ಇದನ್ನೇ. ಎದುರಿಗಿರುವವನ ಮನಸ್ಸಿನಲ್ಲಿ ಆದುದನ್ನು ಅವಳೇ ಬರೆದುಬಿಟ್ಟದ್ದು ಇನ್ನೊಂದು. ಮೂರನೆಯದರಲ್ಲಿ ಗೌರವವೆಂಬ ಶಬ್ದವೇ ಇಲ್ಲ. ಒಡಕು ಬಟ್ಟಲನ್ನು ಬದಿಗಿಟ್ಟ ಕ್ರಿಯೆಯಿಂದ ಅದು ಧ್ವನಿತವಾಗುತ್ತದೆ. ಮೇಲಾಗಿ ‘ಕಾಯುತ್ತಾಳೆ’ ಎಂಬ ಕಡೆಯ ಕ್ರಿಯಾಪದವು ಮುಂದಿನ ವಾಕ್ಯವನ್ನು ಇನ್ನೊಬ್ಬನಿಗೆ ಒಪ್ಪಿಸುತ್ತದೆ. ಕ್ಷೇಮೇಂದ್ರನು ಕ್ರಿಯಾಪದದ ಔಚಿತ್ಯವನ್ನೂ ಬೇರೆಯಾಗಿ ಎಣಿಸಿದನು. ಅದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯುವುದು ಕಷ್ಟ.

4

ಎದುರಿಗಿರುವವನ ಕ್ರಿಯೆಯನ್ನು ತಾನು ಬರೆಯಕೂಡದೆಂಬ ಈ ನಿಯಮವು ಪಾತ್ರಕ್ರೀಡೆಗಳೆಲ್ಲಕ್ಕೂ ಸಾಧಾರಣವಾದದ್ದು. ಒಡೆಯನಿಗೂ ಅದು ಅನ್ವಯಿಸುತ್ತದೆ. ಅವನು ‘ಬಾ’ ಎಂದು ಆಜ್ಞೆ ಮಾಡಬಹುದು; ‘ಅವಳು ಬಂದಳು’ ಎಂದು ಬರೆಯಲಾರನು. ಆ ಕ್ರಿಯಾಪದದ ಮೇಲೆ ಅವನಿಗೆ ಅಧಿಕಾರವಿಲ್ಲ. ಕಥೆಯೊಳಗೆ ಸರ್ವಾಧಿಕಾರಿಯಾದವನು ವಾಕ್ಯದಲ್ಲಿ ಪರಾಧೀನ. ಕಥೆಯೊಳಗೆ ಏನೂ ಇಲ್ಲದವಳು ತನ್ನ ಕ್ರಿಯಾಪದಕ್ಕೆ ಒಡತಿ. ಕಥೆಯಿಂದ ಹೊರಗಿನ ಮಾತನ್ನು ಆಡಬೇಕಾದಾಗ ಇಮ್ಮಡಿ ಆವರಣಚಿಹ್ನೆಗಳೊಳಗೆ ಬರೆಯುವ ಪದ್ಧತಿಯಿದೆ. ಆಯಾಸವಾಯಿತು, ಈ ವಿಷಯ ಬೇಡ, ಇಲ್ಲಿಗೆ ನಿಲ್ಲಿಸೋಣ ಎಂಬ ಮಾತುಗಳು ಅಲ್ಲಿ ಬರುತ್ತವೆ. ಆ ಆವರಣದೊಳಗೆ ದಾಸಿಯೂ ಇಲ್ಲ, ಒಡೆಯನೂ ಇಲ್ಲ.

ಈ ನಿಯಮವು ಕೇವಲ ಶಿಷ್ಟಾಚಾರವಲ್ಲವೆಂಬುದಕ್ಕೆ 1993ರ ಪ್ರಸಂಗವೊಂದು ಸಾಕ್ಷಿ. ಪವೆಲ್ ಕರ್ಟಿಸ್ 1990ರಲ್ಲಿ ಸ್ಥಾಪಿಸಿದ ‘ಲ್ಯಾಂಬ್ಡಾಮೂ’ ಎಂಬ ಪಠ್ಯಲೋಕದಲ್ಲಿ ಆಟಗಾರನೊಬ್ಬನು ಒಂದು ಉಪಾಯದಿಂದ ಇತರರ ಪಾತ್ರಗಳು ತಾವಾಗಿಯೇ ಹೇಯಕೃತ್ಯಗಳನ್ನು ಮಾಡುತ್ತಿರುವಂತೆ ವಾಕ್ಯಗಳನ್ನು ಮೂಡಿಸಿದನು. ಜೂಲಿಯನ್ ಡಿಬೆಲ್ ಅದೇ ವರ್ಷ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಈ ಘಟನೆಯನ್ನೂ ಅದರಿಂದ ನೊಂದವರ ದುಃಖವನ್ನೂ ವಿವರಿಸಿದನು. ಯಾರ ದೇಹಕ್ಕೂ ಏನೂ ಆಗಿರಲಿಲ್ಲ. ಅವರ ಹೆಸರಿನ ಮುಂದೆ ಅವರದಲ್ಲದ ಕ್ರಿಯಾಪದವನ್ನು ಇಟ್ಟದ್ದಷ್ಟೇ ಆಗಿತ್ತು. ಅಷ್ಟೇ ಸಾಕಾಯಿತು. ಪಾತ್ರವು ಎಷ್ಟು ಕೀಳಾದ ಸ್ಥಿತಿಯಲ್ಲಿದ್ದರೂ ಅದರ ಕರ್ತೃತ್ವವು ಆಟಗಾರಳಲ್ಲಿ ಉಳಿಯುವವರೆಗೆ ಅದು ಕ್ರೀಡೆ. ಕರ್ತೃತ್ವವು ಕಳೆದೊಡನೆ ಅದು ಹಿಂಸೆ.

ದಾಸನೇ ದಾಸ್ಯದ ಕರ್ತೃವೆಂಬ ಅಂಶವು ಯೂರೋಪಿನ ಸಾಹಿತ್ಯಕ್ಕೆ ಹೊಸತೂ ಅಲ್ಲ. ಸಾಖರ್-ಮಾಸೋಖನು 1870ರಲ್ಲಿ ಪ್ರಕಟಿಸಿದ ‘ವೀನಸ್ ಇನ್ ಫರ್ಸ್’ ಎಂಬ ಕಥೆಯಲ್ಲಿ ನಾಯಕ ಸೆವೆರಿನನು ಒಡಂಬಡಿಕೆಯಿಂದ ವಾಂಡಾ ಎಂಬವಳ ಗುಲಾಮನಾಗುತ್ತಾನೆ. ಆದರೆ ಒಡತಿಯಾಗೆಂದು ಅವಳನ್ನು ಒಲಿಸಿ ತಿದ್ದಿದವನು ಅವನೇ. ಸೇವಕನೇ ಅಲ್ಲಿ ಗುರು. ನಾರ್ಮನನ ಕಾದಂಬರಿಗಳು ಮರೆಸಲೆಳಸುವ ಈ ಸತ್ಯವನ್ನು ಅವನ ಓದುಗರ ಆಟವು ಪ್ರತಿದಿನವೂ ಮತ್ತೆ ಹೊರಗೆಡಹುತ್ತದೆ.

5

ಇಲ್ಲಿ ಗುರುತರವಾದ ಆಕ್ಷೇಪವೊಂದು ಏಳುತ್ತದೆ. ದಾಸ್ಯವೆಂಬುದು ಕವಿಕಲ್ಪನೆಯಲ್ಲ, ನಾರ್ಮನನ ನಾಡಿನಲ್ಲಿಯೇ ಅದು 1865ರವರೆಗೆ ಶಾಸನಸಮ್ಮತವಾಗಿತ್ತು. ಅಷ್ಟು ಜನರ ಸಂಕಟವನ್ನು ಆಟದ ವಸ್ತುವನ್ನಾಗಿ ಮಾಡಿಕೊಳ್ಳುವುದು ಉಚಿತವೇ? 1977ರಲ್ಲಿ ‘ಸ್ಲೇವ್ ಗರ್ಲ್ ಆಫ್ ಗೋರ್’ ಪ್ರಕಟವಾಯಿತು. ಅದಕ್ಕೆ 116 ವರ್ಷಗಳ ಹಿಂದೆ, 1861ರಲ್ಲಿ, ‘ಇನ್ಸಿಡೆಂಟ್ಸ್ ಇನ್ ದ ಲೈಫ್ ಆಫ್ ಎ ಸ್ಲೇವ್ ಗರ್ಲ್’ ಎಂಬ ಆತ್ಮಕಥನವು ಪ್ರಕಟವಾಗಿತ್ತು. ಅದನ್ನು ಬರೆದ ಹ್ಯಾರಿಯೆಟ್ ಜೇಕಬ್ಸ್ ಉತ್ತರ ಕ್ಯಾರೊಲೈನಾದಲ್ಲಿ ದಾಸಿಯಾಗಿ ಹುಟ್ಟಿದವಳು. ಒಡೆಯನ ಕಾಟದಿಂದ ಪಾರಾಗಲು ತನ್ನ ಅಜ್ಜಿಯ ಮನೆಯ ಅಟ್ಟದ ಇರುಕಿನಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಜಾಗದಲ್ಲಿ, ಸುಮಾರು ಏಳು ವರ್ಷ ಅಡಗಿದ್ದವಳು. ಅದೇ ಸಂಸ್ಥಾನವು 1830ರಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದನ್ನು ಶಾಸನದಿಂದ ನಿಷೇಧಿಸಿತ್ತು. ಬರವಣಿಗೆಯು ದಾಸ್ಯವನ್ನು ಮುರಿಯುತ್ತದೆಂಬುದನ್ನು ಒಡೆಯರು ಚೆನ್ನಾಗಿ ಅರಿತಿದ್ದರು.

ಈ ಎರಡು ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾದಂಬರಿಕಾರನ ಸಿದ್ಧಾಂತಕ್ಕೆ ನಿಲ್ಲಲು ನೆಲವಿಲ್ಲವಾಗುತ್ತದೆ. ಸ್ವಭಾವಸಿದ್ಧವಾದದ್ದಕ್ಕೆ ಬೇಲಿಯೂ ಬೇಡ, ಅಕ್ಷರನಿಷೇಧವೂ ಬೇಡ. ಆದರೆ ಆಟಕ್ಕೆ ಇದೇ ತೀರ್ಪನ್ನು ಕೊಡುವುದು ನ್ಯಾಯವಲ್ಲ. ನಿಜವಾದ ದಾಸ್ಯದಲ್ಲಿ ಬರೆಯಕೂಡದೆಂಬುದು ನಿಯಮ. ಈ ಆಟದ ದಾಸ್ಯದಲ್ಲಿ ಬರೆಯದಿದ್ದರೆ ದಾಸಿಯೇ ಇಲ್ಲ. ಅಲ್ಲಿ ಹೊರಬಾಗಿಲಿಲ್ಲ, ಇಲ್ಲಿ ಯಂತ್ರವನ್ನು ಆರಿಸಿದರೆ ಊರೂ ಒಡೆಯನೂ ಒಟ್ಟಿಗೆ ಆರಿಹೋಗುತ್ತಾರೆ. ಸಾದೃಶ್ಯವು ಹೆಸರಿನಲ್ಲಿದೆ, ಸ್ವರೂಪದಲ್ಲಿ ವೈದೃಶ್ಯವೇ ಇದೆ. ಹೆಸರಿನ ಸಾದೃಶ್ಯವೂ ನೋಯಿಸಬಲ್ಲದೆಂಬುದನ್ನು ಮಾತ್ರ ಆಟಗಾರರು ಮರೆಯಬಾರದು.

ಅಪಾಯವಿರುವುದು ಬೇರೆಡೆಯಲ್ಲಿ. ಈ ಗ್ರಂಥಗಳನ್ನು ಆಟದ ಪಠ್ಯವೆಂದಲ್ಲದೆ ಜೀವನದರ್ಶನವೆಂದು ಗ್ರಹಿಸುವ ಪಂಗಡವೂ ಇದೆ. ‘ನಿಜವಾದ ದಾಸಿಗೆ ಮೇರೆಯಿಲ್ಲ’ ಎಂಬ ಉಪದೇಶವು ನವಶಿಷ್ಯೆಯ ಕಿವಿಗೆ ಬಿದ್ದು, ಇಮ್ಮಡಿ ಆವರಣದೊಳಗಿನ ಮಾತನ್ನೂ ಅವಿಧೇಯತೆಯೆಂದು ಅವಳು ನಂಬಿಬಿಟ್ಟರೆ, ಪಾತ್ರವು ಪಾತ್ರಧಾರಿಯನ್ನು ನುಂಗಿದಂತಾಗುತ್ತದೆ. ನಾಟ್ಯವನ್ನು ಲೋಕವೆಂದು ಭ್ರಮಿಸಿದರೆ ರಸವೇ ಉಳಿಯುವುದಿಲ್ಲವೆಂದು ಅಭಿನವಗುಪ್ತನು ತೋರಿಸಿದ್ದನ್ನು ಇಲ್ಲಿ ನೆನೆಯಬೇಕು. ಶೋಕವು ತನ್ನದೇ ಆದಾಗ ಕರುಣರಸವಿಲ್ಲ. ದಾಸ್ಯವು ನಿಜವೇ ಆದಾಗ ಸೇವೆಯ ಸೊಗಸಿಲ್ಲ. ಆದ್ದರಿಂದ ಆ ಉಪದೇಶವು ನೀತಿಗೆ ವಿರುದ್ಧವಾಗಿರುವಷ್ಟೇ ಕಲೆಗೂ ವಿರುದ್ಧವಾದದ್ದು. ಮರ್ಯಾದೆಯನ್ನು ಕಲಿಸುವವರು ಮೊದಲು ಕಲಿಸಬೇಕಾದದ್ದು ಹೇಗೆ ಮಂಡಿಯೂರಬೇಕೆಂಬುದನ್ನಲ್ಲ. ಹೇಗೆ ಎದ್ದು ಹೋಗಬಹುದೆಂಬುದನ್ನು.

ಒಟ್ಟಿನಲ್ಲಿ, ಮೂಲಗ್ರಂಥಗಳು ಬಹುಕಾಲ ಓದಲ್ಪಡಲು ತಕ್ಕವಲ್ಲ. ಅವುಗಳ ತತ್ತ್ವವು ಅಂಗೀಕಾರ್ಯವೂ ಅಲ್ಲ. ಅವುಗಳಿಂದ ಹುಟ್ಟಿದ ಸೇವಾವಾಕ್ಯವೆಂಬ ಈ ಕಿರುಪ್ರಕಾರವು ಹೆಚ್ಚಿನ ಪಾಲು ಜಳ್ಳಾಗಿದ್ದರೂ ಕಾಳೂ ಇಲ್ಲದಿಲ್ಲ. ಒಡಕು ಬಟ್ಟಲನ್ನು ಕಂಡುಕೊಳ್ಳುವ ಬೆರಳು, ಎದುರಿನವರ ಮಾತಿಗಾಗಿ ಕಾಯುವ ಕ್ರಿಯಾಪದ, ಇವು ಯಾವ ಬರಹಗಾರರಿಗಾದರೂ ಬೇಕಾದ ಗುಣಗಳು. ಅವುಗಳನ್ನು ಕಲಿತವಳು ತಾನು ದಾಸಿಯಾಗಲು ಕಲಿತೆನೆಂದು ಹೇಳಿಕೊಂಡರೂ, ಕಲಿತದ್ದು ಕವಿಕರ್ಮವನ್ನೇ.