ಶ್ರವಣಚಿಕಿತ್ಸೆಯ ಪ್ರಮಾಣವಿಚಾರ

ಮಾತು ತಡವಾಗಿ ಬರುವ, ಇಲ್ಲವೆ ಕುಕ್ಕರಿನ ಸೀಟಿಗೂ ಬೆದರಿ ಕಿವಿ ಮುಚ್ಚಿಕೊಳ್ಳುವ ಎಳೆಯ ಮಕ್ಕಳಿಗೆ ವಿಶೇಷವಾಗಿ ಸಂಸ್ಕರಿಸಿದ ಸಂಗೀತವನ್ನು ಕೆಲವು ದಿನ ಕೇಳಿಸಿದರೆ ಅವರ ವಾಕ್ಕೂ ವರ್ತನೆಯೂ ಸುಧಾರಿಸುವುವೆಂಬ ಮತವೊಂದುಂಟು. ಕಳೆದ ಶತಮಾನದ ನಡುಗಾಲದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಮತ ಇಂದಿಗೂ ಅನೇಕ ದೇಶಗಳಲ್ಲಿ ಪ್ರಚಾರದಲ್ಲಿದೆ. ಅದರ ಹೇತು ಎಷ್ಟು ದೃಢವಾದುದು, ಆ ಹೇತುವಿನಿಂದ ಸಾಧಿಸಹೊರಟ ಫಲ ಎಷ್ಟರಮಟ್ಟಿಗೆ ಸಿದ್ಧವಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಪ್ರತ್ಯೇಕಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಮತದ ಪ್ರವರ್ತಕರಾದ ಆಲ್ಫ್ರೆಡ್ ತೊಮಾಟಿಸ್ (1920–2001) ಕಿವಿ, ಮೂಗು, ಗಂಟಲುಗಳ ವೈದ್ಯರು. ತಂದೆ ಅಪೆರಾ ಗಾಯಕರು. ಯಂತ್ರಗಳ ಗದ್ದಲದಲ್ಲಿ ಶ್ರವಣಶಕ್ತಿ ಕುಂದಿದ ಕಾರ್ಖಾನೆಯ ಕೆಲಸಗಾರರನ್ನೂ, ಕಂಠ ಕೆಟ್ಟ ಗಾಯಕರನ್ನೂ ಪರೀಕ್ಷಿಸಿದಾಗ ಇಬ್ಬರಲ್ಲಿಯೂ ಒಂದೇ ಬಗೆಯ ಶ್ರವಣದೋಷ ಅವರಿಗೆ ತೋರಿತು. ಕಿವಿ ಕೇಳದ ಸ್ವರಾಂಶವನ್ನು ಕಂಠ ಹೊರಡಿಸಲಾರದು ಎಂಬ ಪ್ರಮೇಯವನ್ನು ಅವರು ಇದರಿಂದ ಕಟ್ಟಿದರು. 1957ರಲ್ಲಿ ಅದು ಫ್ರಾನ್ಸಿನ ವಿಜ್ಞಾನ ಪರಿಷತ್ತಿನ ಮುಂದೆ ಬಂದಿತು. ಮುಂದೆ ಅವರು ‘ಎಲೆಕ್ಟ್ರಾನಿಕ್ ಕಿವಿ’ ಎಂಬ ಯಂತ್ರವನ್ನು ನಿರ್ಮಿಸಿ, ಮೊಜಾರ್ಟನ ಸಂಗೀತ, ಗ್ರೆಗೋರಿಯನ್ ಸ್ತೋತ್ರಗಾನ, ತಾಯಿಯ ದನಿ ಇವುಗಳನ್ನು ಶೋಧಿಸಿ ಮಕ್ಕಳಿಗೆ ಕೇಳಿಸತೊಡಗಿದರು. ಇವರ ಮಾರ್ಗದಿಂದ ಕವಲೊಡೆದ ಮತ್ತೊಬ್ಬ ವೈದ್ಯ ಗೀ ಬೆರಾರ್ ಅವರು, ಮಗುವಿನ ಶ್ರವಣಲೇಖದಲ್ಲಿ ಅತಿಯಾಗಿ ತೀಕ್ಷ್ಣವಾಗಿರುವ ಸ್ವರಗಳನ್ನು ಸಂಗೀತದಿಂದ ತೆಗೆದು, ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯಂತೆ ಒಟ್ಟು 10 ಗಂಟೆ ಕೇಳಿಸುವ ಕ್ರಮವನ್ನು ರೂಪಿಸಿದರು. 1982ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರೇ ಶ್ರವಣವೂ ವರ್ತನೆಯೂ ಒಂದೆಂದು ಸಾರುತ್ತದೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಕಿವಿಯು ಕಂಠವನ್ನು ಆಳುತ್ತದೆಂಬ ಮಾತಿನಲ್ಲಿ ಸತ್ಯಾಂಶವಿದೆ. ಗದ್ದಲದ ನಡುವೆ ಮನುಷ್ಯನು ತನಗರಿವಿಲ್ಲದೆಯೇ ದನಿಯೇರಿಸುವನೆಂದು ಲೊಂಬಾರ್ 1911ರಲ್ಲಿಯೇ ತೋರಿಸಿದ್ದರು. ಆಡಿದ ಮಾತು ಕ್ಷಣಾಂಶ ತಡವಾಗಿ ತನ್ನ ಕಿವಿಗೇ ಮರಳಿ ಬಿದ್ದರೆ ಸರಾಗವಾಗಿ ಮಾತನಾಡುವವನೂ ತೊದಲುವನೆಂಬುದನ್ನು 1950ರಲ್ಲಿ ಬರ್ನಾರ್ಡ್ ಲೀ ಪ್ರಕಟಿಸಿದರು. ಶಬ್ದಭೀತಿಯಿಂದ ನರಳುವ ಮಕ್ಕಳ ಸಂಕಟವನ್ನು ಹಟವೆಂದೂ ದುರ್ನಡತೆಯೆಂದೂ ತಳ್ಳಿಹಾಕದೆ, ಅದಕ್ಕೊಂದು ಇಂದ್ರಿಯಕಾರಣವನ್ನು ಅರಸಿದುದೂ ಈ ವೈದ್ಯರಿಗೆ ಸಲ್ಲತಕ್ಕ ಗೌರವ.

ದೋಷವಿರುವುದು ಅನುಮಾನದ ಮುಂದಿನ ಮೆಟ್ಟಿಲಿನಲ್ಲಿ. ಶ್ರವಣ ಕೆಟ್ಟರೆ ವಾಕ್ಕು ಕೆಡುವುದೆಂಬುದರಿಂದ, ವಾಕ್ಕು ಕೆಟ್ಟಲ್ಲೆಲ್ಲ ಶ್ರವಣವೇ ಕೆಟ್ಟಿದೆಯೆಂದು ಸಿದ್ಧಿಸದು. ಹೊಗೆಯಿದ್ದಲ್ಲಿ ಬೆಂಕಿಯುಂಟು; ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂಬ ನಿಯಮವಿಲ್ಲವೆಂಬುದು ತರ್ಕಶಾಸ್ತ್ರದ ಬಾಲಪಾಠ. ಆಟಿಸಮ್ ಇರುವ ಅನೇಕ ಮಕ್ಕಳ ಕಿವಿ ಸರಿಯಾಗಿಯೇ ಕೇಳುತ್ತದೆ. ಅವರ ತೊಡಕು ಪರಸ್ಪರ ಸಂವಹನದಲ್ಲಿ, ಗಮನದಲ್ಲಿ, ಕೇಳಿದುದನ್ನು ಅರ್ಥಕ್ಕೆ ಕೂಡಿಸುವುದರಲ್ಲಿ ಇರಬಹುದು. ತಾಯಿಯ ದನಿಯ ವಿಷಯದಲ್ಲಿಯೂ ತೊಮಾಟಿಸರ ಕಲ್ಪನೆ ನಿಲ್ಲುವುದಿಲ್ಲ. ಗರ್ಭದಲ್ಲಿ ಕೇಳಿದಂತೆ ಮಾಡಲೆಂದು ಅವರು ಮಂದ್ರಾಂಶಗಳನ್ನು ಶೋಧಿಸಿ ತಾರಾಂಶಗಳನ್ನು ಉಳಿಸಿದರು. ತಾಯಿಯ ಒಡಲು ಹೊರಗಿನ ತಾರಸ್ವರಗಳನ್ನು ತಗ್ಗಿಸಿ ಮಂದ್ರಸ್ವರಗಳನ್ನೇ ಹೆಚ್ಚಾಗಿ ಒಳಬಿಡುವುದೆಂದು ಅನಂತರದ ಮಾಪನಗಳು ತೋರಿಸಿವೆ.

ಹೇತು ಶಿಥಿಲವಾದರೂ ಫಲ ದೊರೆಯಬಹುದಷ್ಟೆ. ಆದುದರಿಂದ ಫಲವನ್ನೇ ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಬೇಕು. ಚಿಕಿತ್ಸೆಯಿದ್ದಾಗ ಸುಧಾರಣೆ ಕಂಡಿತೆಂಬುದು ಅನ್ವಯ. ಮಗಳ ಚೇತರಿಕೆಯನ್ನು ವರ್ಣಿಸಿ ಆನಬೆಲ್ ಸ್ಟೆಹ್ಲಿ ಅವರು 1991ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಗ್ರಂಥವೂ ಇಂಥ ಅನ್ವಯಸಾಕ್ಷ್ಯವೇ. ಚಿಕಿತ್ಸೆಯಿಲ್ಲದಾಗ ಸುಧಾರಣೆಯೂ ಇಲ್ಲವೆಂಬ ವ್ಯತಿರೇಕ ದೊರೆಯದ ಹೊರತು ಕಾರ್ಯಕಾರಣಭಾವ ಸಿದ್ಧಿಸದು. 1996ರಲ್ಲಿ ಪ್ರಕಟವಾದ ಬೆಟಿಸನ್ ಅವರ ಪ್ರಯೋಗ ಇಲ್ಲಿ ನಿರ್ಣಾಯಕವಾದುದು. 80 ಮಕ್ಕಳಲ್ಲಿ ಅರ್ಧದಷ್ಟು ಮಂದಿ ಸಂಸ್ಕರಿಸಿದ ಸಂಗೀತವನ್ನೂ, ಉಳಿದವರು ಅದೇ ಸಂಗೀತವನ್ನು ಯಾವ ಮಾರ್ಪಾಡೂ ಇಲ್ಲದೆಯೂ ಕೇಳಿದರು. ಎರಡು ಗುಂಪುಗಳೂ ಸರಿಸುಮಾರಾಗಿ ಒಂದೇ ಪ್ರಮಾಣದಲ್ಲಿ ಸುಧಾರಿಸಿದುವು. 2008ರಲ್ಲಿ ತೊಮಾಟಿಸ್ ವಿಧಾನವನ್ನು 11 ಮಕ್ಕಳಲ್ಲಿ ಪರೀಕ್ಷಿಸಿದ ಕಾರ್ಬೆಟ್ ಮತ್ತು ಸಂಗಡಿಗರಿಗೂ ಭಾಷೆಯ ಬೆಳವಣಿಗೆ ಎರಡು ಅವಸ್ಥೆಗಳಲ್ಲಿಯೂ ಕಂಡಿತು. ಚಿಕಿತ್ಸೆಗೆ ವಿಶೇಷವಾಗಿ ಸಲ್ಲುವ ಲಾಭ ಕಾಣಲಿಲ್ಲ. 182 ಮಂದಿಯನ್ನೊಳಗೊಂಡ 7 ಪ್ರಯೋಗಗಳನ್ನು ತೂಗಿನೋಡಿದ 2011ರ ಕಾಕ್ರೇನ್ ಸಮೀಕ್ಷೆ, ಕೆಲವೆಡೆ ಹಿತಪರಿಣಾಮ ವರದಿಯಾಗಿದ್ದರೂ ಈ ಚಿಕಿತ್ಸೆಗಳನ್ನು ಸಮರ್ಥಿಸುವಷ್ಟು ಪ್ರಮಾಣವಿಲ್ಲವೆಂದು ತೀರ್ಮಾನಿಸಿತು. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2004ರಲ್ಲಿಯೇ ಬೆರಾರ್ ಮಾರ್ಗದ ತರಬೇತಿಯ ವಿಷಯದಲ್ಲಿ ಇದೇ ಅಭಿಪ್ರಾಯಕ್ಕೆ ಬಂದಿತ್ತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಎರಡು ಗುಂಪುಗಳೂ ಸುಧಾರಿಸಿದ್ದರೆ ಸಂಗೀತಮಾತ್ರವೇ ಔಷಧವೆನ್ನಬಾರದೆ? ಬೆಟಿಸನ್ ಅವರ ಪ್ರಯೋಗದಲ್ಲಿ ಏನನ್ನೂ ಕೇಳದ ಮೂರನೆಯ ಗುಂಪು ಇರಲಿಲ್ಲವಾದುದರಿಂದ ಹಾಗೆಂದು ನಿರ್ಧರಿಸಲಾಗದು. ಬೆಳೆಯುವ ಮಗು ಕಾಲಕ್ರಮದಲ್ಲಿ ಕಲಿಯುತ್ತದೆ. ಕೆಲವು ದಿನ ಹಿರಿಯರ ಏಕಾಗ್ರ ಗಮನ ದೊರೆತ ಮಗು ಅರಳುತ್ತದೆ. ಹಿತವನ್ನು ನಿರೀಕ್ಷಿಸುವ ಕಣ್ಣಿಗೆ ಹಿತ ಬೇಗ ಗೋಚರಿಸುತ್ತದೆ. ಈ ಮೂರನ್ನೂ ಕಳೆದು ಉಳಿದುದನ್ನಷ್ಟೇ ಯಂತ್ರದ ಲೆಕ್ಕಕ್ಕೆ ಬರೆಯಬೇಕು.

ಇದು ಪಂಡಿತರ ವಾದವಿನೋದವಲ್ಲ. ಮಗುವಿನ ಮೊದಲ ಐದಾರು ವರ್ಷಗಳು ಭಾಷೆಗೆ ಅಮೂಲ್ಯವಾದುವು. ತಾಯಿತಂದೆಗಳ ಹಣವೂ ಆಶೆಯೂ ಮಿತವಾದುವು. ಪ್ರಮಾಣವಿಲ್ಲದ ಚಿಕಿತ್ಸೆ ದೇಹಕ್ಕೆ ಕೆಡುಕು ಮಾಡದಿದ್ದರೂ ಕಾಲವನ್ನು ಕಬಳಿಸುತ್ತದೆ. ಮೊದಲು ಆಗಬೇಕಾದುದು ಶ್ರವಣಪರೀಕ್ಷೆ. ಬಳಿಕ ವಾಕ್‌ಚಿಕಿತ್ಸೆ, ಮನೆಯಲ್ಲಿ ಮುಖನೋಡಿ ಆಡುವ ಮಾತು, ಮಗುವಿನ ಸರದಿಗಾಗಿ ಕಾಯುವ ತಾಳ್ಮೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವ ನಮ್ಮ ನಾಡಿನಲ್ಲಿ ಈ ದಾರಿ ಅಪರಿಚಿತವೇನಲ್ಲ. ಶಬ್ದಭೀತಿಯ ಮಗುವಿಗೆ ತರಗತಿಯಲ್ಲಿ ನಿಶ್ಶಬ್ದವಾದ ಒಂದು ಮೂಲೆಯನ್ನು ಕಲ್ಪಿಸಲು ಯಾವ ಯಂತ್ರವೂ ಬೇಕಿಲ್ಲ. ಸಂಗೀತವನ್ನು ಮಗು ಆನಂದಕ್ಕಾಗಿ ಕೇಳಲಿ. ಔಷಧವೆಂಬ ಹೆಸರು ಅದಕ್ಕೆ ಸಲ್ಲಬೇಕಾದರೆ ವ್ಯತಿರೇಕದ ಪರೀಕ್ಷೆಯಲ್ಲಿ ಅದು ಗೆದ್ದು ಬರಬೇಕು.